ತಳದಾಗಿಂದ ಹಾಕ್ರಿ, ಅಕ್ಕಾ!
ಇನ್ನೂರು ತಾಟಿಗೆ ಮೂವರು ಅಡುಗೆಯವರು. ಇವರಿಗೆ ಕಲಿಸಬೇಕಾದ್ದೇನು, ಇವರಿಂದ ಕಲಿಯಬೇಕಾದ್ದೇನು?

ಮುಂಜಾನೆ ಒಂಬತ್ತರ ಸುಮಾರಿಗೆ ವಿಜಯಪುರದ ಇಬ್ರಾಹಿಂಪುರದ ಓಣಿಗಳಲ್ಲಿ ನಿಂತರೆ ಈ ಹೆಂಗಸರು ಕಣ್ಣಿಗೆ ಬೀಳುತ್ತಾರೆ. ಮನೆಯಲ್ಲಿ ರೊಟ್ಟಿ ಬಡಿದಿಟ್ಟು, ನಳಕ್ಕೆ ನೀರು ಬಿಟ್ಟ ದಿನವಾದರೆ ಕೊಡ, ಬ್ಯಾರಲ್ಲು ಎಲ್ಲ ತುಂಬಿಸಿ, ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ಲಗುಬಗೆಯಿಂದ ಹೊರಟವರು. ನಗರದ ಅಂಚಿನ ಈ ಬಡಾವಣೆಯಲ್ಲಿ ಮಾತ್ರ ಕಾಣುವ ನೋಟವಲ್ಲ ಇದು. ತಿಕೋಟಾದ ದ್ರಾಕ್ಷಿ ತೋಟಗಳ ನಡುವಿನ ಊರುಗಳಲ್ಲೂ ಬಬಲೇಶ್ವರ ಕಡೆಯ ಹಳ್ಳಿಗಳಲ್ಲೂ ಅದೇ ಹೊತ್ತಿಗೆ ಅದೇ ನಡಿಗೆ. ಎಲ್ಲರೂ ಹೊರಟಿರುವುದು ಸರ್ಕಾರಿ ಶಾಲೆಯ ಅಡುಗೆಮನೆಗೆ.

ಮಕ್ಕಳ ಬಾಯಲ್ಲಿ ಇವರು ‘ಅಡುಗಿ ಅಕ್ಕಾರು’. ರಾಜ್ಯ ಸರ್ಕಾರದ ಕಡತದಲ್ಲಿ ‘ಅಡುಗೆ ಸಿಬ್ಬಂದಿ’. ಕೇಂದ್ರದ ಕಾಗದಪತ್ರಗಳಲ್ಲಿ ‘ಕುಕ್ ಕಮ್ ಹೆಲ್ಪರ್’.

ಮಧ್ಯಾಹ್ನ ಊಟದ ಗಂಟೆ ಬಾರಿಸಿದ ಮೇಲೆ ಸಾಲು ನೋಡಬೇಕು. ತಾಟು ಹಿಡಿದು ನಿಂತ ಮಕ್ಕಳಲ್ಲಿ ಚುರುಕಾದ ಒಬ್ಬನಾದರೂ ಕೂಗುತ್ತಾನೆ: ‘ತಳದಾಗಿಂದ ಹಾಕ್ರಿ, ಅಕ್ಕಾ!’ ಅವನಿಗೆ ಗೊತ್ತು, ಬ್ಯಾಳಿ ತಳದಲ್ಲಿ ಕೂತಿರುತ್ತದೆ, ಮೇಲೆ ತೇಲುವುದು ನೀರು. ಅನುಭವವಿದ್ದ ಅಡುಗೆಯವಳು ಪ್ರತಿ ಸಲ ಸೌಟು ಎತ್ತುವ ಮೊದಲು ಡಬರಿಯೊಳಗೆ ಒಂದು ಸುತ್ತು ತಿರುವುತ್ತಾಳೆ. ಹಾಗೆ ತಿರುವಿದರೆ ಸಾಲಿನ ಮೊದಲ ಮಗುವಿಗೂ ಕೊನೆಯ ಮಗುವಿಗೂ ಒಂದೇ ಸಾರು. ತಿರುವದಿದ್ದರೆ ಮೊದಲು ನಿಂತವರಿಗೆ ತಿಳಿನೀರು, ಕೊನೆಯವರಿಗೆ ಗಟ್ಟಿ ಬ್ಯಾಳಿ. ಒಂದು ಮಗುವಿಗೆ 12 ಗ್ರಾಂ ಪ್ರೋಟೀನ್ ಎಂದು ದೆಹಲಿಯಲ್ಲಿ ಬರೆದ ಲೆಕ್ಕ ನಿಜವಾಗುವುದೋ ಸುಳ್ಳಾಗುವುದೋ ಮಣಿಕಟ್ಟಿನ ಆ ಒಂದು ತಿರುವಿನಲ್ಲಿ.

ಮೂವರು, ಇನ್ನೂರು ತಾಟು

ಕೆಲಸ ಎಷ್ಟೆಂದು ಒಮ್ಮೆ ಲೆಕ್ಕ ಹಾಕಿ ನೋಡೋಣ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟರವರಿಗೆ ಇದರ ಒಂದೂವರೆ ಪಟ್ಟು. ಚಿಕ್ಕವರಿಗೆ 450 ಕ್ಯಾಲೊರಿ, ದೊಡ್ಡವರಿಗೆ 700 ಸಿಗಬೇಕು.

ಚಿಕ್ಕವರು 120, ದೊಡ್ಡವರು 80 ಇರುವ ಶಾಲೆ ಎಂದುಕೊಳ್ಳಿ. ಅಕ್ಕಿ 24 ಕಿಲೊ. ಬೇಳೆ ಐದು ಕಿಲೊಗೆ ಚೂರು ಕಡಿಮೆ. ತರಕಾರಿ 12 ಕಿಲೊ. ಇದಲ್ಲದೆ ಮುಂಜಾನೆ ಕ್ಷೀರಭಾಗ್ಯದ ಹಾಲು: ಮಗುವಿಗೆ 18 ಗ್ರಾಂ ಪುಡಿಯಿಂದ 150 ಮಿಲಿಲೀಟರ್, ಒಟ್ಟು 30 ಲೀಟರ್. ವಾರದಲ್ಲಿ ಕೆಲವು ದಿನ ಅದರ ಜೊತೆ ರಾಗಿ ಮಾಲ್ಟ್. ಆಮೇಲೆ ಇನ್ನೂರು ಮೊಟ್ಟೆ.

ಇಷ್ಟಕ್ಕೆ ಎಷ್ಟು ಕೈಗಳು? ಕೇಂದ್ರದ ನಿಯಮ ಹೀಗಿದೆ: 25 ಮಕ್ಕಳವರೆಗೆ ಒಬ್ಬರು, 26ರಿಂದ 100ರವರೆಗೆ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಇನ್ನೊಬ್ಬರು. ಅಂದರೆ ನಮ್ಮ ಶಾಲೆಗೆ ಮೂವರು. ಒಬ್ಬರು ಮುಖ್ಯ ಅಡುಗೆಯವರು, ಇಬ್ಬರು ಸಹಾಯಕರು.

ಒಂಬತ್ತರಿಂದ ಊಟದ ಗಂಟೆಯವರೆಗಿನ ಆ ನಾಲ್ಕು ತಾಸಿನಲ್ಲಿ ಯಾರು ಯಾವ ಕೆಲಸ ಯಾವಾಗ ಮಾಡಬೇಕು ಎಂಬುದು ಇಲ್ಲಿ ಎಲ್ಲಕ್ಕಿಂತ ಮುಖ್ಯ. ಮೊದಲು ಬೇಳೆ ಏರಬೇಕು, ಏಕೆಂದರೆ ಅದು ಹೊತ್ತು ತೆಗೆದುಕೊಳ್ಳುತ್ತದೆ. ಆದರೆ ಅದೇ ಒಲೆಯ ಮೇಲೆ ಹಾಲು ಕಾಯಬೇಕು, ಪ್ರಾರ್ಥನೆ ಮುಗಿದ ಕೂಡಲೇ ಮಕ್ಕಳು ಲೋಟ ಹಿಡಿದು ಬರುತ್ತಾರೆ. ಒಬ್ಬಳು ಹಾಲು ನೋಡುವಾಗ ಇನ್ನೊಬ್ಬಳು ಅಕ್ಕಿ ಹಸನು ಮಾಡುತ್ತಾಳೆ, ಮೂರನೆಯವಳು ತರಕಾರಿ ತೊಳೆಯಲು ಕೂತಿರುತ್ತಾಳೆ. ಒಬ್ಬಳು ರಜೆ ಹಾಕಿದರೆ ಇಡೀ ಸರಪಳಿ ತಪ್ಪುತ್ತದೆ. ಬದಲಿಗೆ ಬರುವವರು ಯಾರು? ಬಹುತೇಕ ಕಡೆ ಆಕೆಯ ಮನೆಯವರೇ: ಅತ್ತೆ, ಮಗಳು, ನಾದಿನಿ. ಅವರಿಗೆ ಒಲೆ ಹೊಸದು, ಡಬರಿ ಹೊಸದು, ಇನ್ನೂರರ ಅಳತೆ ಹೊಸದು.

ಇನ್ನೊಂದು ಕೊಂಡಿ ಅಡುಗೆಮನೆಯ ಹೊರಗಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಇಂದು ಎಷ್ಟು ಮಕ್ಕಳು ಬಂದಿದ್ದಾರೆ ಎಂಬ ಸಂಖ್ಯೆ. ಅದು ತರಗತಿಗಳಿಂದ ಒಟ್ಟಾಗಿ ಅಡುಗೆಮನೆಗೆ ಬಂದ ಮೇಲೆಯೇ ಅಕ್ಕಿ ಅಳೆಯಬೇಕು. ಮಾಸ್ತರರು ಹಾಜರಿ ಕಳಿಸುವುದು ಅರ್ಧ ತಾಸು ತಡವಾದರೆ ಅಡುಗೆಯವಳು ನಿನ್ನೆಯ ಅಂದಾಜಿನಲ್ಲಿ ಅಕ್ಕಿ ತೊಳೆಯುತ್ತಾಳೆ. ಜಾತ್ರೆಯ ಮರುದಿನ, ಎಳ್ಳಮಾವಾಸ್ಯೆಯ ಆಸುಪಾಸು, ದ್ರಾಕ್ಷಿ ಕೊಯ್ಲಿನ ದಿನಗಳಲ್ಲಿ ಆ ಅಂದಾಜು ತಪ್ಪುತ್ತದೆ. ಉಳಿದರೆ ‘ಅನ್ನ ಚೆಲ್ಲಿದಿರಿ’ ಎಂಬ ಮಾತು, ಸಾಲದಿದ್ದರೆ ‘ಅಕ್ಕಿ ಎಲ್ಲಿ ಹೋಯಿತು’ ಎಂಬ ಮಾತು. ಎರಡೂ ಮಾತು ಕೇಳುವವಳು ಅವಳೇ.

ಉಪ್ಪಿಟ್ಟಿನಿಂದ ದಾಸೋಹದವರೆಗೆ

ಐವತ್ತು ದಾಟಿದ ಓದುಗರಿಗೆ ಶಾಲೆಯ ಊಟ ಎಂದರೆ ಕೇರ್ ಸಂಸ್ಥೆಯ ಗೋಧಿ ಉಪ್ಪಿಟ್ಟು, ಹಾಲಿನ ಪುಡಿ. ಅದರ ಘಮ ಇನ್ನೂ ಕೆಲವರ ಮೂಗಿನಲ್ಲಿದೆ. ಮದ್ರಾಸ್ ರಾಜ್ಯದಲ್ಲಿ ಕಾಮರಾಜರು 1956ರಲ್ಲಿ, ಆಮೇಲೆ ತಮಿಳುನಾಡಿನಲ್ಲಿ ಎಂಜಿಆರ್ 1982ರಲ್ಲಿ ಶಾಲೆಯ ಊಟವನ್ನು ದೊಡ್ಡ ಪ್ರಮಾಣದಲ್ಲಿ ಹಬ್ಬಿಸಿದರು. ಕೇಂದ್ರ ಸರ್ಕಾರದ ಯೋಜನೆ ಶುರುವಾದದ್ದು 1995ರ ಆಗಸ್ಟ್ 15ರಂದು. ಆದರೆ ಹಲವು ರಾಜ್ಯಗಳಲ್ಲಿ ಅದು ಹಸಿ ಧಾನ್ಯ ಹಂಚಿ ಕೈತೊಳೆದುಕೊಳ್ಳುವ ಯೋಜನೆಯಾಗಿತ್ತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು.

ಕರ್ನಾಟಕದಲ್ಲಿ ಅದು 2002ರಲ್ಲಿ ‘ಅಕ್ಷರ ದಾಸೋಹ’ ಎಂಬ ಹೆಸರು ಹೊತ್ತು ಮೊದಲು ಬಂದದ್ದು ನಮ್ಮ ಈ ಕಡೆಯ ಏಳು ಜಿಲ್ಲೆಗಳಿಗೆ. ಮರುವರ್ಷ ಉಳಿದ ಜಿಲ್ಲೆಗಳಿಗೆ ಹಬ್ಬಿತು. ನಂತರ ಮೇಲಿನ ತರಗತಿಗಳಿಗೆ, 2007ರ ಹೊತ್ತಿಗೆ ಹತ್ತನೇ ತರಗತಿಯವರೆಗೆ. ಕೇಂದ್ರದ ಯೋಜನೆಗೆ 2021ರಿಂದ ‘ಪಿಎಂ ಪೋಷಣ್’ ಎಂಬ ಹೆಸರು. ಜನರ ಬಾಯಲ್ಲಿ ಅಂದಿಗೂ ಇಂದಿಗೂ ಅದು ಬಿಸಿಯೂಟ.

ಹೆಸರಿನ ಬಗ್ಗೆ ಒಂದು ಮಾತು. ಬಸವಣ್ಣನವರು ಹುಟ್ಟಿದ ಬಸವನ ಬಾಗೇವಾಡಿ ಇದೇ ಜಿಲ್ಲೆಯದು. ಶರಣರು ಕಾಯಕ ಮತ್ತು ದಾಸೋಹವನ್ನು ಜೋಡಿಯಾಗಿ ಹೇಳಿದರು. ನಾವು ಶಾಲೆಯ ಅಡುಗೆಗೆ ದಾಸೋಹ ಎಂದು ಹೆಸರಿಟ್ಟೆವು, ಕಾಯಕವನ್ನು ಮರೆತೆವು. ಅಡುಗೆಯವರಿಗೆ ಸಿಗುವುದು ಸಂಬಳವಲ್ಲ, ‘ಗೌರವಧನ’. ಕೇಂದ್ರ ನಿಗದಿಪಡಿಸಿದ ಮೊತ್ತ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತು ತಿಂಗಳು. 2009ರಲ್ಲಿ ಗೊತ್ತು ಮಾಡಿದ ಆ ಸಾವಿರ ಇನ್ನೂ ಸಾವಿರವೇ ಆಗಿದೆ. ಅದರಲ್ಲೂ ಕೇಂದ್ರದ ಪಾಲು 600. ಉಳಿದದ್ದನ್ನೆಲ್ಲ ರಾಜ್ಯ ಸೇರಿಸುತ್ತ ಬಂದಿದೆ. 2025–26ರ ರಾಜ್ಯ ಬಜೆಟ್‌ನಲ್ಲಿ ಇನ್ನೂ ಒಂದು ಸಾವಿರ ಹೆಚ್ಚಳ ಘೋಷಣೆಯಾಯಿತು. ದೇಶದಲ್ಲಿ ಸುಮಾರು 25 ಲಕ್ಷ, ಕರ್ನಾಟಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಈ ಲೆಕ್ಕದಲ್ಲಿ ದುಡಿಯುತ್ತಾರೆ. ಬಹುಪಾಲು ಹೆಂಗಸರು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳಲ್ಲಿ ಬರ ಬಿದ್ದು, 2024ರ ಬೇಸಿಗೆ ರಜೆಯಲ್ಲೂ ಬಿಸಿಯೂಟ ನಡೆದಾಗ ವಿಜಯಪುರದ ಆ ಬಿಸಿಲಿನಲ್ಲಿ ಒಲೆಯ ಮುಂದೆ ನಿಂತವರೂ ಇವರೇ.

ಹಾಗಾದರೆ ಇವರಿಗೆ ಕೊಡಬೇಕಾದ ತರಬೇತಿಯ ಮಾತು ಬೇರೆ, ಹಣದ ಮಾತು ಬೇರೆಯೇ? ನನಗೆ ಹಾಗನ್ನಿಸುವುದಿಲ್ಲ. ಒಂದು ಕೆಲಸಕ್ಕೆ ಕೌಶಲ ಬೇಕು ಎಂದು ಒಪ್ಪಿದ ದಿನ ಅದಕ್ಕೆ ಬೆಲೆ ಕಟ್ಟಬೇಕಾಗುತ್ತದೆ. ‘ಮನೆಯಲ್ಲಿ ಮಾಡುವ ಅಡುಗೆಯನ್ನೇ ಇಲ್ಲೂ ಮಾಡುತ್ತಾರೆ, ಇದರಲ್ಲಿ ಕಲಿಯುವುದೇನು’ ಎಂಬ ಮಾತು ಅಗ್ಗದ ಗೌರವಧನಕ್ಕೆ ಒಳ್ಳೆಯ ಆಧಾರವಾಗಿ ನಿಂತಿದೆ.

ತೇಲುವ ಅಕ್ಕಿಕಾಳು

ಕಲಿಯುವುದೇನು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಮೊರದಲ್ಲಿ ಅಕ್ಕಿ ಹರವಿ ಹಸನು ಮಾಡುತ್ತಿರುವ ಆ ಹೆಂಗಸಿನ ಪಕ್ಕ ಕೂತು ನೋಡಿ. ಹೆಬ್ಬೆರಳು, ತೋರುಬೆರಳು ಕಲ್ಲು, ನೆಲ್ಲು, ಹುಳ ಆರಿಸುತ್ತ ಹೋಗುತ್ತವೆ. ಒಮ್ಮೆ ಬೆರಳು ನಿಲ್ಲುತ್ತದೆ. ಒಂದು ಕಾಳು ಉಳಿದವಕ್ಕಿಂತ ಬಣ್ಣದಲ್ಲಿ ಬೇರೆ, ತುಸು ನುಣುಪು. ಆರಿಸಿ ಹೊರಗೆ ಎಸೆಯುತ್ತಾಳೆ. ಅಕ್ಕಿಯನ್ನು ನೀರಿಗೆ ಹಾಕಿದಾಗ ಅಂಥವೇ ಕೆಲವು ತೇಲುತ್ತವೆ. ಅವನ್ನೂ ನೀರಿನೊಂದಿಗೆ ಚೆಲ್ಲುತ್ತಾಳೆ. ಮೂವತ್ತು ವರ್ಷ ಮನೆಯಲ್ಲಿ ಅಕ್ಕಿ ಹಸನು ಮಾಡಿದ ಕೈ ಅದು. ಬೇರೆಯಾಗಿ ಕಂಡದ್ದನ್ನು ತೆಗೆಯುವುದೇ ಅದಕ್ಕೆ ಗೊತ್ತಿರುವ ಶುದ್ಧಿ.

ಆದರೆ ಎಸೆದದ್ದು ಸಾರವರ್ಧಿತ ಕಾಳು. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯ ಆಕಾರದಲ್ಲೇ ಒತ್ತಿ ತೆಗೆದದ್ದು. ಶಾಲೆಗಳಿಗೆ ಬರುವ ಅಕ್ಕಿಯಲ್ಲಿ ನೂರು ಕಾಳಿಗೆ ಒಂದರಂತೆ ಅದನ್ನು ಬೆರೆಸಿರುತ್ತಾರೆ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಅದಕ್ಕೆಂದು ಗಿರಣಿಯಲ್ಲಿ ದುಡ್ಡು ಸುರಿದು ಸೇರಿಸಿದ್ದನ್ನು ಮೊರದಲ್ಲಿ ಒಬ್ಬ ಶ್ರದ್ಧಾವಂತ ಅಡುಗೆಯವಳು ಅರ್ಧ ತಾಸು ಕೂತು ಆರಿಸಿ ಬಿಸಾಡುತ್ತಾಳೆ. ‘ಪ್ಲಾಸ್ಟಿಕ್ ಅಕ್ಕಿ ಬಂದೈತಿ’ ಎಂದು ಊರಲ್ಲಿ ಸುದ್ದಿಯೂ ಹಬ್ಬುತ್ತದೆ. ಸಾರವರ್ಧಿತ ಅಕ್ಕಿ ಬೇಕೋ ಬೇಡವೋ ಎಂಬ ವಾದ ತಜ್ಞರಲ್ಲಿ ಇದೆ, ಇರಲಿ. ಆದರೆ ಕೊಟ್ಟ ಮೇಲೆ ಅದೇನೆಂದು ಕೈಗೆ ಕಾಳು ಕೊಟ್ಟು ತೋರಿಸದೆ ಕೊಟ್ಟದ್ದು ಯಾರ ತಪ್ಪು?

ಇಂಥವು ಇನ್ನೂ ಇವೆ. ತರಕಾರಿ ಹೆಚ್ಚಿದ ಮೇಲೆ ತೊಳೆದರೆ ನೀರಿನಲ್ಲಿ ಕರಗುವ ಜೀವಸತ್ವ ಮೋರಿಗೆ ಹೋಗುತ್ತದೆ, ತೊಳೆದು ಹೆಚ್ಚಬೇಕು. ಅಯೋಡಿನ್ ಉಪ್ಪನ್ನು ಮೊದಲೇ ಹಾಕಿ ಕುದಿಸುವುದಕ್ಕಿಂತ ಕೊನೆಗೆ ಹಾಕುವುದು ಒಳ್ಳೆಯದು. ಬೇಯಿಸಿದ ಅನ್ನ ಅರೆಬಿಸಿಯಲ್ಲಿ ಬಹಳ ಹೊತ್ತು ಕೂರಬಾರದು, 60 ಡಿಗ್ರಿಗಿಂತ ಕೆಳಗೆ ಇಳಿದರೆ ರೋಗಾಣುಗಳಿಗೆ ಹಬ್ಬ. ಮೊಟ್ಟೆಯನ್ನು ನೀರಿಗೆ ಬಿಟ್ಟಾಗ ತೇಲಿದರೆ ಅದು ಹಳತು. ಇಲ್ಲಿ ತೇಲಿದ್ದನ್ನು ಎಸೆಯಬೇಕು, ಅಕ್ಕಿಯಲ್ಲಿ ತೇಲಿದ್ದನ್ನು ಎಸೆಯಬಾರದು. ಮನೆಯ ಅಡುಗೆಯ ಅನುಭವ ಇಷ್ಟು ದೂರ ಮಾತ್ರ ಕರೆದೊಯ್ಯುತ್ತದೆ.

ಎರಡು ಜುಲೈ 16

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ ಊಟ ಬೇಯಿಸುತ್ತಿದ್ದ ಗರಿ ಛಾವಣಿಯ ಅಡುಗೆಮನೆಯಿಂದ ಎದ್ದ ಬೆಂಕಿಗೆ 94 ಮಕ್ಕಳು ಬಲಿಯಾದರು. ಒಂಬತ್ತು ವರ್ಷಗಳ ನಂತರ, 2013ರಲ್ಲಿ, ಅದೇ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಎಂಬ ಹಳ್ಳಿಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆಗೆ ಬಳಸಿದ ಎಣ್ಣೆಯಲ್ಲಿ ಮೊನೊಕ್ರೋಟೋಫಾಸ್ ಎಂಬ ಕೀಟನಾಶಕ ಸೇರಿತ್ತು.

ಗಂಡಾಮನ್ ಪ್ರಕರಣದಲ್ಲಿ ನನ್ನನ್ನು ಕಾಡುವುದು ಒಂದು ವಿವರ. ಎಣ್ಣೆಯ ಬಣ್ಣ, ವಾಸನೆ ಬೇರೆ ಇದೆ ಎಂದು ಅಡುಗೆಯವಳು ಹೇಳಿದ್ದಳು, ಅದನ್ನೇ ಹಾಕು ಎಂದು ಮೇಲಿನವರು ಹೇಳಿದರು ಎಂದು ಆಗ ವರದಿಯಾಯಿತು. ಅವಳ ಮೂಗು ಸರಿಯಾಗಿಯೇ ಕೆಲಸ ಮಾಡಿತ್ತು. ಮಾತಿಗೆ ತೂಕ ಇರಲಿಲ್ಲ, ಅಷ್ಟೇ. ಅವಳು ತಾನೂ ಉಂಡು ಆಸ್ಪತ್ರೆ ಸೇರಿದಳು.

ಈ ದುರಂತದ ನಂತರ ಕೇಂದ್ರ ಸರ್ಕಾರ 2015ರ ಫೆಬ್ರುವರಿಯಲ್ಲಿ ಶಾಲಾ ಅಡುಗೆಮನೆಗಳ ಸುರಕ್ಷತೆ, ಶುಚಿತ್ವದ ಮಾರ್ಗಸೂಚಿ ಹೊರಡಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಸಿಯೂಟ ನಿಯಮಗಳು ಬಂದವು. ಬಡಿಸುವ ಮೊದಲು ಶಿಕ್ಷಕರೊಬ್ಬರು ಸೇರಿದಂತೆ ದೊಡ್ಡವರು ಎರಡು ಮೂರು ಜನ ರುಚಿ ನೋಡಬೇಕು, ಅದನ್ನು ಪುಸ್ತಕದಲ್ಲಿ ಬರೆಯಬೇಕು, ಅಡುಗೆಯವರ ಆರೋಗ್ಯ ತಪಾಸಣೆ ಆಗಬೇಕು, ಆಹಾರದ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು ಇತ್ಯಾದಿ. ಒಳ್ಳೆಯ ನಿಯಮಗಳು. ಆದರೆ ಮೊದಲ ರುಚಿ, ಮೊದಲ ವಾಸನೆ ಒಲೆಯ ಮುಂದೆ ನಿಂತವಳದ್ದೇ. ‘ಈ ಎಣ್ಣಿ ಬ್ಯಾಡ್ರಿ ಸರ, ಇವತ್ತು ನಾ ಹಾಕಂಗಿಲ್ಲ’ ಎಂದು ಅವಳು ಹೇಳಿದರೆ ಅಡುಗೆ ನಿಲ್ಲಬೇಕು. ಅವಳ ಮೇಲೆ ಯಾರೂ ಕಣ್ಣು ಕೆಂಪು ಮಾಡಬಾರದು. ತರಬೇತಿಯಲ್ಲಿ ಎಲ್ಲಕ್ಕಿಂತ ಮೊದಲು ಕಲಿಸಬೇಕಾದ್ದು ಇದು. ಅಡುಗೆಯವರಿಗಷ್ಟೇ ಕಲಿಸಿದರೆ ಪ್ರಯೋಜನವಿಲ್ಲ, ಮುಖ್ಯಶಿಕ್ಷಕರನ್ನೂ ಪಕ್ಕದಲ್ಲೇ ಕೂರಿಸಿ ಕಲಿಸಬೇಕು.

ದೂರದ ಬಿಹಾರದ ಮಾತು ಎನ್ನಬೇಡಿ. 2023ರ ನವೆಂಬರ್‌ನಲ್ಲಿ ಪಕ್ಕದ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ಎರಡನೇ ತರಗತಿಯ ಹುಡುಗಿ ಬಿಸಿ ಸಾಂಬಾರಿನ ಪಾತ್ರೆಗೆ ಬಿದ್ದು, ಕೆಲ ದಿನಗಳ ನಂತರ ತೀರಿಕೊಂಡಳು. ಕುದಿವ ಡಬರಿಯನ್ನು ಎಲ್ಲಿ ಇಳಿಸಬೇಕು, ಇಳಿಸುವಾಗ ಮಕ್ಕಳನ್ನು ತಡೆಯುವವರು ಯಾರು ಎಂಬುದು ಪಾಕಶಾಸ್ತ್ರದ ಪ್ರಶ್ನೆ ಅಲ್ಲ, ಜನರನ್ನು ನಿಲ್ಲಿಸುವ ಪ್ರಶ್ನೆ. ಇಬ್ಬರು ಡಬರಿ ಹಿಡಿದಾಗ ಮೂರನೆಯವಳು ಬಾಗಿಲಲ್ಲಿ ನಿಲ್ಲಬೇಕು. ಒಬ್ಬ ಶಿಕ್ಷಕ ಸಾಲಿನ ತಲೆಯಲ್ಲಿ ಇರಬೇಕು.

ಒಂದು ದಿನದ ತರಬೇತಿ

ಈಗ ಆಗುವುದೇನು? ಅಕ್ಷರ ದಾಸೋಹಕ್ಕೆ ತಾಲ್ಲೂಕಿಗೊಬ್ಬ ಸಹಾಯಕ ನಿರ್ದೇಶಕರಿದ್ದಾರೆ, ಜಿಲ್ಲೆಗೊಬ್ಬ ಶಿಕ್ಷಣಾಧಿಕಾರಿ ಇದ್ದಾರೆ. ಅಡುಗೆ ಸಿಬ್ಬಂದಿಗೆ ತಾಲ್ಲೂಕು ಮಟ್ಟದಲ್ಲಿ ತರಬೇತಿ ಏರ್ಪಾಡಾಗುತ್ತದೆ. ಪಿಎಂ ಪೋಷಣ್ ಮಾರ್ಗಸೂಚಿಯಲ್ಲಿ ಹಳ್ಳಿಯಿಂದ ರಾಜ್ಯದವರೆಗೆ ಅಡುಗೆ ಸ್ಪರ್ಧೆ, ಶಾಲಾ ಕೈತೋಟ, ಸಾಮಾಜಿಕ ಪರಿಶೋಧನೆಗೂ ಜಾಗವಿದೆ.

ಅಂಥ ತರಬೇತಿಯ ದಿನವನ್ನು ನೋಡಿದವರಿಗೆ ಅದರ ನಡೆ ಗೊತ್ತು. ಸಸಿಗೆ ನೀರೆರೆದು ಉದ್ಘಾಟನೆ. ವೇದಿಕೆಯ ಮೇಲೆ ಎಂಟು ಕುರ್ಚಿ, ಎಂಟು ಭಾಷಣ. ತಲೆಗೆ ಟೋಪಿ ಹಾಕಿ, ಉಗುರು ಕತ್ತರಿಸಿ, ಬಳೆ ಕಡಿಮೆ ಹಾಕಿ, ಏಪ್ರನ್ ತೊಡಿ ಎಂಬ ಹಿತವಚನ. ಕೆಳಗೆ ಕೂತ ಹೆಂಗಸರು ತಲೆಯಾಡಿಸುತ್ತಾರೆ, ಹಿಂದಿನ ಸಾಲಿನವರು ಗೌರವಧನ ಯಾವಾಗ ಜಮಾ ಆಗುತ್ತದೆ ಎಂದು ತಮ್ಮತಮ್ಮೊಳಗೆ ಮಾತಾಡುತ್ತಾರೆ. ಎಲ್ಲರೂ ಕಣ್ಣರಳಿಸಿ ನೋಡುವುದು ಒಂದೇ ಹೊತ್ತು: ಅಗ್ನಿಶಾಮಕ ದಳದವರು ಬಂದು ಸಿಲಿಂಡರಿಗೆ ಬೆಂಕಿ ಹಚ್ಚಿ, ಒದ್ದೆ ಗೋಣಿಚೀಲ ಹೊದಿಸಿ ಆರಿಸಿ ತೋರಿಸಿ, ‘ಯಾರು ಬರ್ತೀರಿ’ ಎಂದು ಕರೆದಾಗ. ಮೊದಲು ನಾಚಿಕೆ, ಆಮೇಲೆ ಒಬ್ಬಳು ಎದ್ದು ಹೋಗಿ ಆರಿಸುತ್ತಾಳೆ. ಚಪ್ಪಾಳೆ. ಅವಳ ಜೀವಮಾನದಲ್ಲಿ ಅದು ಮರೆಯುವುದಿಲ್ಲ. ಕೈಯಿಂದ ಕಲಿತದ್ದು ಉಳಿಯುತ್ತದೆ, ಕಿವಿಯಿಂದ ಹೋದದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಆರಿಹೋಗುತ್ತದೆ.

ಬೇರೆ ಕಡೆ ಹೇಗಿದೆ? ಅಮೆರಿಕದಲ್ಲಿ ಶಾಲಾ ಊಟದ ಸಿಬ್ಬಂದಿಗೆ 2015ರ ಜುಲೈಯಿಂದ ರಾಷ್ಟ್ರಮಟ್ಟದ ನಿಯಮ ಜಾರಿಯಲ್ಲಿದೆ. ಸಾಮಾನ್ಯ ಸಿಬ್ಬಂದಿಗೆ ವರ್ಷಕ್ಕೆ ಕನಿಷ್ಠ 6 ಗಂಟೆ, ಅಡುಗೆಮನೆಯ ಮೇಲ್ವಿಚಾರಕರಿಗೆ 10, ನಿರ್ದೇಶಕರಿಗೆ 12 ಗಂಟೆ ತರಬೇತಿ ಕಡ್ಡಾಯ. ಇದರಲ್ಲಿ ಗಮನಿಸಬೇಕಾದ್ದು ಗಂಟೆಗಳ ಏರಿಕೆ. ಮೇಲೆ ಹೋದಷ್ಟೂ ಹೆಚ್ಚು ಕಲಿಯಬೇಕು! ನಮ್ಮಲ್ಲಿ ಮೇಲೆ ಹೋದಷ್ಟೂ ಹೆಚ್ಚು ಕಲಿಸುತ್ತಾರೆ. ಜಪಾನಿನಲ್ಲಿ 2005ರಿಂದ ‘ಪೋಷಣೆಯ ಶಿಕ್ಷಕ’ ಎಂಬ ಹುದ್ದೆಯೇ ಇದೆ. ಊಟದ ಪಟ್ಟಿ ಮಾಡುವವರೇ ತರಗತಿಗೆ ಹೋಗಿ ಊಟದ ಪಾಠ ಮಾಡುತ್ತಾರೆ, ಮಕ್ಕಳೇ ಬಿಳಿ ಟೋಪಿ ತೊಟ್ಟು ಬಡಿಸುತ್ತಾರೆ. ತಮಿಳುನಾಡು ಊಟದ ಕೇಂದ್ರದ ಸಂಘಟಕಿ, ಅಡುಗೆಯವರು, ಸಹಾಯಕರು ಎಂದು ಹುದ್ದೆಗಳನ್ನು ಬೇರೆ ಬೇರೆ ಮಾಡಿ ಅವಕ್ಕೊಂದು ವೇತನ ಶ್ರೇಣಿ ಕೊಟ್ಟಿದೆ. ಅಲ್ಲಿ ಲೆಕ್ಕ ಬರೆಯುವುದು ಒಬ್ಬರ ಕೆಲಸ, ಒಗ್ಗರಣೆ ಹಾಕುವುದು ಇನ್ನೊಬ್ಬರ ಕೆಲಸ. ನಮ್ಮಲ್ಲಿ ಲೆಕ್ಕದ ಹೊರೆ ಮುಖ್ಯಶಿಕ್ಷಕರ ತಲೆಯ ಮೇಲೆ ಬಿದ್ದು, ಅವರು ಪಾಠ ಬಿಟ್ಟು ತರಕಾರಿ ರಸೀದಿ ಜೋಡಿಸುತ್ತ ಕೂರುತ್ತಾರೆ. ಅಡುಗೆಯವರಿಗೂ ಅವರಿಗೂ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಈ ರಸೀದಿಗಳ ಬಳಿಯಲ್ಲೇ. 2025ರ ಮೇ ತಿಂಗಳಿಂದ ಬೇಳೆ, ತರಕಾರಿ, ಎಣ್ಣೆ, ಮಸಾಲೆ, ಗ್ಯಾಸು ಎಲ್ಲ ಸೇರಿ ಚಿಕ್ಕ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ, ದೊಡ್ಡ ಮಗುವಿಗೆ 10 ರೂಪಾಯಿ 17 ಪೈಸೆ. ವಿಜಯಪುರದ ಸಂತೆಯಲ್ಲಿ ಟೊಮೆಟೊ ಬೆಲೆ ಏರಿದ ವಾರ ಈ ಪೈಸೆಗಳ ಜೊತೆ ಯಾರು ಗುದ್ದಾಡಬೇಕು ಎಂಬುದೇ ಜಗಳ.

ನನ್ನ ಕೇಳಿದರೆ ತರಬೇತಿಯನ್ನು ಸಭಾಭವನದಿಂದ ಅಡುಗೆಮನೆಗೆ ತರಬೇಕು. ಅಕ್ಕಪಕ್ಕದ ನಾಲ್ಕೈದು ಶಾಲೆಗಳ ಅಡುಗೆಯವರು ತಿಂಗಳಿಗೊಮ್ಮೆ ಒಂದು ಶಾಲೆಯಲ್ಲಿ ಸೇರಿ ಒಟ್ಟಿಗೆ ಅಡುಗೆ ಮಾಡಲಿ. ಒಬ್ಬಳಿಗೆ ಬೇಳೆ ಹದ ಗೊತ್ತು, ಇನ್ನೊಬ್ಬಳಿಗೆ ಹಾಲಿನ ಪುಡಿ ಗಂಟು ಕಟ್ಟದಂತೆ ಕಲಸುವ ಉಪಾಯ ಗೊತ್ತು (ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಆಮೇಲೆ ಬಿಸಿನೀರಿಗೆ ಸುರಿಯುವುದು), ಮಗದೊಬ್ಬಳಿಗೆ ಮಕ್ಕಳು ಸೊಪ್ಪನ್ನು ಬದಿಗೆ ಸರಿಸದಂತೆ ಸಾರಿನಲ್ಲಿ ಮಿದ್ದು ಬೆರೆಸುವುದು ಗೊತ್ತು. ಅಧಿಕಾರಿ ಬರಲಿ, ಆದರೆ ಕುರ್ಚಿ ಬೇಡ, ಮಣೆ ಸಾಕು.

ಮೊಟ್ಟೆ ಬಂದ ಮೇಲೆ

2021ರ ಡಿಸೆಂಬರಿನಲ್ಲಿ ಅಪೌಷ್ಟಿಕತೆ ಹೆಚ್ಚಿರುವ ಏಳು ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಆ ಏಳರಲ್ಲಿ ವಿಜಯಪುರವೂ ಒಂದು. ಕೆಲವು ಮಠಾಧೀಶರು ವಿರೋಧಿಸಿದರು, ಮಕ್ಕಳು ತಿಂದರು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ ವಾರಕ್ಕೆ ಆರು ದಿನ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು. ಇದು ಇತ್ತೀಚಿನ ವರ್ಷಗಳಲ್ಲಿ ಬಿಸಿಯೂಟಕ್ಕೆ ಸೇರಿದ ಅತ್ಯಂತ ಒಳ್ಳೆಯ ವಸ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಇನ್ನೂರು ಮೊಟ್ಟೆ ತೊಳೆದು, ಬೇಯಿಸಿ, ತಣ್ಣೀರಿಗೆ ಹಾಕಿ, ಸುಲಿಯುವ ಕೆಲಸ ಯಾವ ಹೊತ್ತಿಗೆ ಸೇರಿತು? ಒಂದು ಮೊಟ್ಟೆ ಸುಲಿಯಲು ಹದಿನೈದು ಸೆಕೆಂಡು ಹಿಡಿದರೂ ಒಬ್ಬಳಿಗೆ ಐವತ್ತು ನಿಮಿಷ. ಮೂವರು ಕೂತರೆ ಹದಿನೇಳು. ಆ ಹದಿನೇಳು ನಿಮಿಷ ಒಲೆಯ ಮುಂದೆ ಯಾರೂ ಇರುವುದಿಲ್ಲ. ಯಾವ ತರಗತಿಯಲ್ಲಿ ಎಷ್ಟು ಮೊಟ್ಟೆ, ಎಷ್ಟು ಬಾಳೆಹಣ್ಣು ಎಂಬ ಎಣಿಕೆ ಮೊದಲೇ ಬಾರದಿದ್ದರೆ ಸಾಲಿನಲ್ಲಿ ಗಲಾಟೆ. ಇಂಥ ಹೊಸ ಕೆಲಸ ಬಂದಾಗಲೇ ಅಡುಗೆಮನೆಯವರು, ಶಿಕ್ಷಕರು ಒಟ್ಟಿಗೆ ಕೂತು ದಿನದ ಸಮಯವನ್ನು ಮತ್ತೊಮ್ಮೆ ಹಂಚಿಕೊಳ್ಳಬೇಕಿತ್ತು. ಬಂದದ್ದು ಸುತ್ತೋಲೆ ಮಾತ್ರ.

ಸೌಟು ಯಾರ ಕೈಯಲ್ಲಿ

ತಂಡ ಎಂಬ ಮಾತು ಆಡುವಾಗ ಒಂದನ್ನು ಮುಚ್ಚಿಡುವುದು ಸರಿಯಲ್ಲ. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್ 20ರಂದೇ ಹೇಳಿದೆ. ಆದರೂ ಕೆಲವು ಅಡುಗೆಮನೆಗಳಲ್ಲಿ ಕೆಲಸ ಹಂಚಿಕೆಯಾಗುವುದು ಕೌಶಲದಿಂದಲ್ಲ. ಒಬ್ಬಳಿಗೆ ಯಾವಾಗಲೂ ಅಂಗಳ ಗುಡಿಸುವುದು, ಪಾತ್ರೆ ತಿಕ್ಕುವುದು. ಇನ್ನೊಬ್ಬಳಿಗೆ ಯಾವಾಗಲೂ ಸೌಟು. 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಶಾಲೆಯೊಂದರಲ್ಲಿ ದಲಿತ ಮಹಿಳೆ ಮುಖ್ಯ ಅಡುಗೆಯವರಾದ ಮೇಲೆ ಪೋಷಕರು ಮಕ್ಕಳನ್ನು ಬಿಡಿಸಿಕೊಂಡು ಹೋದರೆಂದು ವರದಿಯಾಯಿತು. ಇದಕ್ಕೆ ಉಪದೇಶ ಸಾಲದು. ಸರದಿಯ ಪಟ್ಟಿ ಗೋಡೆಗೆ ಅಂಟಿಸಬೇಕು: ಈ ವಾರ ಬೇಯಿಸುವವರು, ಹೆಚ್ಚುವವರು, ತಿಕ್ಕುವವರು; ಮುಂದಿನ ವಾರ ಅದಲು ಬದಲು. ಮೂವರಿಗೂ ಮೂರೂ ಕೆಲಸ ಬಂದರೆ ಒಬ್ಬಳು ರಜೆ ಹಾಕಿದ ದಿನವೂ ಅಡುಗೆ ನಿಲ್ಲುವುದಿಲ್ಲ ಎಂಬುದು ಅದರ ಇನ್ನೊಂದು ಲಾಭ.

ಇಬ್ರಾಹಿಂಪುರದಲ್ಲಿರಲಿ, ತಿಕೋಟಾ, ಬಬಲೇಶ್ವರದಲ್ಲಿರಲಿ, ನಿಮ್ಮ ಮಗು ಸರ್ಕಾರಿ ಶಾಲೆಗೆ ಹೋಗುತ್ತಿದ್ದರೆ ಮುಂದಿನ ವಾರ ಒಂದು ದಿನ ಊಟದ ಗಂಟೆಗೆ ಮೊದಲೇ ಹೋಗಿ. ಪಾಲಕರು ರುಚಿ ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ. ಉಂಡು, ಚೆನ್ನಾಗಿದ್ದರೆ ಚೆನ್ನಾಗಿದೆ ಎಂದು ಹೇಳಿ, ಹಾಗೆ ಹೇಳುವವರು ಕಡಿಮೆ. ಆಮೇಲೆ ಆ ಅಕ್ಕನನ್ನು ಕೇಳಿ: ಈ ಅಡುಗೆಮನೆಗೆ ಬೇಕಾದ್ದೇನು, ನೀವು ಬೇಡವೆಂದ ಸಾಮಾನು ಯಾವತ್ತಾದರೂ ವಾಪಸು ಹೋಗಿದೆಯೇ? ಅವಳು ಹೇಳಿದ್ದನ್ನು ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಕೆಳಗೆ ಸಹಿ ಹಾಕಿ ಬನ್ನಿ.